ಕೋಡ್ ಬರೆಯುವ ಮುನ್ನ ಯಾರನ್ನು ಕೇಳಬೇಕು?

ಚಿತ್ರ ತಿದ್ದುವ ಉಚಿತ ತಂತ್ರಾಂಶ ಗಿಂಪ್‌ನಲ್ಲಿ ಒಂದು ಜೇಪೆಗ್ ಫೋಟೋ ತೆರೆದು, ಅಂಚು ಕತ್ತರಿಸಿ, ಕಂಟ್ರೋಲ್-ಎಸ್ ಒತ್ತಿ ನೋಡಿ. ನಿಮ್ಮ ಫೋಟೋ ಸೇವ್ ಆಗುವುದಿಲ್ಲ. ಬದಲಿಗೆ, ಎಕ್ಸ್‌ಸಿಎಫ್ ಎಂಬ ಗಿಂಪ್‌ನ ಸ್ವಂತ ಬಗೆಯ ಫೈಲ್ ಮಾಡಲು ಅದು ಹೆಸರು ಕೇಳುತ್ತದೆ. ಹೆಸರಿನ ಕೊನೆಯಲ್ಲಿ ನೀವೇ ಜೆಪಿಜಿ ಎಂದು ಸೇರಿಸಿದರೆ, ಅದಕ್ಕೆ ಎಕ್ಸ್‌ಪೋರ್ಟ್ ಬಳಸಿ ಎನ್ನುತ್ತದೆ. ಸರಿ, ಎಕ್ಸ್‌ಪೋರ್ಟ್ ಮಾಡಿ ಮುಚ್ಚಲು ಹೋದರೆ, ಬದಲಾವಣೆಗಳನ್ನು ಸೇವ್ ಮಾಡಿಲ್ಲ ಎಂದು ಮತ್ತೆ ತಡೆಯುತ್ತದೆ. ಆನ್‌ಲೈನ್ ಅರ್ಜಿಗೆ ಲಗತ್ತಿಸಲು ಫೋಟೋ ಚಿಕ್ಕದು ಮಾಡಲು ಕೂತವರು ಅಷ್ಟು ಹೊತ್ತಿಗೆ ಬೇಸತ್ತು ಎದ್ದಿರುತ್ತಾರೆ.

ಓಪನ್ ಸೋರ್ಸ್ ತಂತ್ರಾಂಶಗಳ ತೊಡಕುಗಳಿಗೆಲ್ಲ ಒಂದೇ ಕಾರಣ ಹೇಳುವುದು ರೂಢಿ: ಪ್ರೋಗ್ರಾಮರ್‌ಗಳು ಯೋಚಿಸದೆ ಕೋಡ್ ಬರೆಯಲು ಕೂತುಬಿಡುತ್ತಾರೆ. ಇಲ್ಲಿ ಆ ಮಾತು ನಿಲ್ಲುವುದಿಲ್ಲ. 2012ರ 2.8 ಆವೃತ್ತಿಯಲ್ಲಿ ಬಂದ ಈ ಏರ್ಪಾಡು ಮೊದಲೇ ಚರ್ಚಿಸಿ, ಬರೆದಿಟ್ಟು, ಆಮೇಲೆ ಕೋಡ್ ಆದದ್ದು. ಪೀಟರ್ ಸಿಕ್ಕಿಂಗ್ ಎಂಬ ವಿನ್ಯಾಸಕಾರರು ಗಿಂಪ್ ತಂಡದೊಡನೆ ಕೂತು, ಈ ತಂತ್ರಾಂಶ ಯಾರಿಗಾಗಿ ಎಂಬುದನ್ನು ಮೊದಲು ಗೊತ್ತುಮಾಡಿಕೊಂಡಿದ್ದರು. ಚಿತ್ರ ತಿದ್ದುವುದನ್ನೇ ಕಸುಬಾಗಿಸಿಕೊಂಡ ನುರಿತವರಿಗಾಗಿ ಎಂಬುದು ಅವರ ಉತ್ತರ. ಅಂಥವರ ಮಟ್ಟಿಗೆ ಈ ವ್ಯವಸ್ಥೆ ನ್ಯಾಯವಾಗಿಯೇ ಇದೆ. ಹತ್ತಾರು ಲೇಯರ್‌ಗಳಲ್ಲಿ ಕಟ್ಟಿದ ಚಿತ್ರವನ್ನು ಜೇಪೆಗ್ ಮಾಡಿದರೆ ಲೇಯರ್‌ಗಳೆಲ್ಲ ಕರಗಿ ಒಂದಾಗುತ್ತವೆ, ಮರುದಿನ ತಿದ್ದಲು ಏನೂ ಉಳಿದಿರುವುದಿಲ್ಲ. ಆ ನಷ್ಟ ತಪ್ಪಿಸಲೆಂದೇ ಸೇವ್ ಬೇರೆ, ಎಕ್ಸ್‌ಪೋರ್ಟ್ ಬೇರೆ ಆಯಿತು.

ಗಿಂಪ್ ತಂಡ ಸರಿಯಾದ ಪ್ರಶ್ನೆಯನ್ನೇ ಕೇಳಿತು, ಆ ಕಾಲಕ್ಕೆ ಹೆಚ್ಚಿನವರು ಕೇಳದ ಪ್ರಶ್ನೆ ಅದು. ಆದರೆ ಉಚಿತವೆಂಬ ಕಾರಣಕ್ಕೇ ಗಿಂಪ್ ಹಿಡಿದು ಬರುವ, ಒಂದು ಫೋಟೋ ಕತ್ತರಿಸಿ ಹೋಗುವ ಜನರ ದೊಡ್ಡ ಗುಂಪನ್ನು ಆ ಉತ್ತರ ಹೊರಗಿಟ್ಟಿತು. ಕೋಡ್‌ಗೆ ಮುಂಚೆ ಯೋಜಿಸಿ ಎಂಬ ಉಪದೇಶವನ್ನು ಪರದೆಯ ನಕ್ಷೆ ಬರೆಯುವುದು, ಗುಂಡಿಗಳ ಜಾಗ ಗೊತ್ತುಮಾಡುವುದು ಎಂಬಷ್ಟಕ್ಕೇ ಇಳಿಸಿಬಿಡುತ್ತೇವೆ. ಯೋಜನೆಯ ತಿರುಳು ಇರುವುದು ಬಳಸುವವರ ಆಯ್ಕೆಯಲ್ಲಿ. ಅದನ್ನು ಕೂತು ಮಾಡದಿದ್ದರೂ ಆಯ್ಕೆಯಂತೂ ಆಗಿಯೇ ಆಗುತ್ತದೆ, ಮೊದಲ ಸಾಲು ಕೋಡ್ ಬರೆದವನು ತನ್ನಂಥವರನ್ನೇ ಆರಿಸಿಕೊಂಡಿರುತ್ತಾನೆ.

ಇದರ ಬೆಲೆ ಏನೆಂದು ಕನ್ನಡದ ಪುಟವಿನ್ಯಾಸಕಾರರಿಗೆ ಸ್ಕ್ರೈಬಸ್‌ನಷ್ಟು ಚೆನ್ನಾಗಿ ತೋರಿಸಿದ ತಂತ್ರಾಂಶ ಇನ್ನೊಂದಿಲ್ಲ. ಪುಸ್ತಕ, ಪತ್ರಿಕೆಗಳ ಪುಟ ಕಟ್ಟಲು 2000ದ ದಶಕದ ಆರಂಭದಲ್ಲಿ ಹುಟ್ಟಿದ ಓಪನ್ ಸೋರ್ಸ್ ತಂತ್ರಾಂಶ ಅದು. ಪೇಜ್‌ಮೇಕರ್‌ಗೆ ಕಾಸು ಹೊಂದಿಸಲಾಗದ ಸಣ್ಣ ಮುದ್ರಣಾಲಯಗಳಿಗೆ ವರವಾಗಬೇಕಿತ್ತು. ಆದರೆ ಒಂದಾದ ಮೇಲೆ ಒಂದು ಅಕ್ಷರ ಬಲಕ್ಕೆ ಜೋಡಿಸುತ್ತ ಹೋದರೆ ಸಾಲು ತಯಾರಾಗುತ್ತದೆ ಎಂಬ ನಂಬಿಕೆ ಅದರ ಬುಡದಲ್ಲೇ ಕೂತಿತ್ತು. ಕನ್ನಡ ಹಾಗೆ ನಡೆಯುವ ಲಿಪಿಯಲ್ಲ. ‘ಶಕ್ತಿ’ ಎಂದು ಟೈಪ್ ಮಾಡಿದರೆ ಯುನಿಕೋಡ್‌ನಲ್ಲಿ ಉಳಿಯುವುದು ಶ, ಕ, ಹಲಂತ, ತ, ಗುಡಿಸು ಎಂಬ ಐದು ಸಂಕೇತಗಳು. ಪುಟದ ಮೇಲೆ ಬರುವಾಗ ತ ಒತ್ತಾಗಿ ಕೆಳಗಿಳಿಯಬೇಕು, ಕಟ್ಟಕಡೆಗೆ ಟೈಪಾದ ಗುಡಿಸು ಹಿಂದೆ ಸರಿದು ಕಕಾರದ ತಲೆಗೇರಬೇಕು. ಹಳೆಯ ಸ್ಕ್ರೈಬಸ್‌ಗೆ ಈ ಹಿಂದು ಮುಂದು ತಿಳಿಯುತ್ತಿರಲಿಲ್ಲ, ಒತ್ತಕ್ಷರಗಳು ಒಡೆದು ಬೀಳುತ್ತಿದ್ದವು.

ಮೇಲೊಂದು ತೇಪೆ ಹಾಕಿ ಸರಿಪಡಿಸುವ ದೋಷವಲ್ಲ ಇದು. ಸಾಲು ಮುರಿಯುವುದು, ಅಕ್ಷರಗಳ ನಡುವಿನ ಅಂತರ, ಕರ್ಸರ್ ನಿಲ್ಲುವ ಜಾಗ, ಎಲ್ಲವೂ ಆ ನಂಬಿಕೆಯ ಮೇಲೆಯೇ ನಿಂತಿದ್ದವು. ಪಠ್ಯ ಜೋಡಿಸುವ ಭಾಗವನ್ನೇ ಹಾರ್ಫ್‌ಬಜ್ ಎಂಬ ಲಿಪಿಜೋಡಣೆಯ ತಂತ್ರಾಂಶದ ನೆರವಿನಿಂದ ಹೊಸದಾಗಿ ಕಟ್ಟಬೇಕಾಯಿತು. ಪ್ರಯೋಗದ ಆವೃತ್ತಿಗಳಲ್ಲಿ ಅದು ಮೊದಲೇ ಬಂತಾದರೂ, ಧೈರ್ಯವಾಗಿ ಕೆಲಸಕ್ಕೆ ಬಳಸಬಹುದಾದ 1.6 ಸಿಕ್ಕಿದ್ದು 2024ರ ಜನವರಿಯಲ್ಲಿ. ಅಷ್ಟು ವರ್ಷ ನಮ್ಮ ಡಿಟಿಪಿ ಅಂಗಡಿಗಳು ಯುನಿಕೋಡ್ ಅಲ್ಲದ ಫಾಂಟುಗಳಲ್ಲೇ ಪುಸ್ತಕ ಜೋಡಿಸಿದವು, ಅವುಗಳಲ್ಲಿ ಎಷ್ಟೋ ಪುಟಗಳನ್ನು ಇಂದು ಹುಡುಕಲಿಕ್ಕೂ ಆಗದು, ಇನ್ನೊಂದು ಕಡೆಗೆ ಸಾಗಿಸಲಿಕ್ಕೂ ಆಗದು. ಬಿಡುವಿನ ಹೊತ್ತಿನಲ್ಲಿ ದುಡಿದು ಕೊಟ್ಟವರನ್ನು ಇದಕ್ಕಾಗಿ ದೂರಲಾರೆ. ಆದರೆ ಅರಬ್ಬಿಯನ್ನೋ ದೇವನಾಗರಿಯನ್ನೋ ಕನ್ನಡವನ್ನೋ ದಿನವೂ ಬರೆಯುವ ಒಬ್ಬರನ್ನು ಶುರುವಿನಲ್ಲೇ ವಿಚಾರಿಸಿದ್ದರೆ ಇಷ್ಟು ಸುತ್ತು ಬಳಸಬೇಕಿರಲಿಲ್ಲ ಎಂಬ ಸಂಕಟ ಮಾತ್ರ ಹೋಗುವುದಿಲ್ಲ.

ಬೇಗ ಬಿಡುಗಡೆ ಮಾಡಿ, ಪದೇ ಪದೇ ಬಿಡುಗಡೆ ಮಾಡಿ, ಬಳಸುವವರೇ ತಪ್ಪು ತೋರಿಸುತ್ತಾರೆ ಎಂಬ ವಾದವಿದೆ. ಪ್ರೋಗ್ರಾಮರ್ ಎರಿಕ್ ರೇಮಂಡ್ 1997ರಲ್ಲಿ ಅದನ್ನು ಪ್ರಬಲವಾಗಿ ಮಂಡಿಸಿದರು, ಲಿನಕ್ಸ್‌ನ ಕರ್ನಲ್‌ನಂಥ ಕಡೆ ಅದು ಗೆದ್ದಿದೆ ಕೂಡ. ಅಲ್ಲಿ ಬಳಸುವವರೂ ಪ್ರೋಗ್ರಾಮರ್‌ಗಳೇ. ಫೋಟೋ ಕತ್ತರಿಸಲು ಬಂದವರು ಹಾಗಲ್ಲ. ತಂತ್ರಾಂಶ ಕುಸಿದುಬಿದ್ದರೆ ಯಾರಾದರೂ ದೂರು ಬರೆದಾರು. ಸೇವ್ ಎಲ್ಲಿದೆ ಎಂದು ತಿಳಿಯದವರು ದೂರು ಬರೆಯುವುದಿಲ್ಲ, ತಮಗೇ ಗೊತ್ತಾಗುತ್ತಿಲ್ಲವೆಂದುಕೊಂಡು ಸುಮ್ಮನೆ ಬಿಟ್ಟುಹೋಗುತ್ತಾರೆ.

ತ್ರೀಡಿ ಅನಿಮೇಷನ್ ತಂತ್ರಾಂಶ ಬ್ಲೆಂಡರ್‌ನ ಕಥೆ ಇದಕ್ಕಿಂತ ಆಶಾದಾಯಕ. ನೆದರ್‌ಲೆಂಡ್ಸ್‌ನ ಒಂದು ಅನಿಮೇಷನ್ ಸ್ಟುಡಿಯೋದ ಒಳಬಳಕೆಗೆಂದು ಟಾನ್ ರೋಸೆಂಡಾಲ್ ಕಟ್ಟಿದ ಸಾಧನ ಅದು. 2002ರಲ್ಲಿ ಜನರಿಂದ ಒಂದು ಲಕ್ಷ ಯೂರೋ ಸಂಗ್ರಹಿಸಿ ಮುಕ್ತಗೊಳಿಸಲಾಯಿತು. ಸ್ಟುಡಿಯೋದವರ ಕೈಗೆ ಒಗ್ಗಿದ್ದ ಅಭ್ಯಾಸಗಳೂ ಜೊತೆಗೇ ಬಂದವು. ವಸ್ತುವನ್ನು ಆರಿಸಲು ಮೌಸಿನ ಬಲಗುಂಡಿ ಒತ್ತಬೇಕಿತ್ತು, ಹೊಸಬರು ಮೊದಲ ನಿಮಿಷದಲ್ಲೇ ತಬ್ಬಿಬ್ಬಾಗುತ್ತಿದ್ದರು. 2019ರ ಜುಲೈನಲ್ಲಿ ಬಂದ 2.80 ಅದನ್ನು ಎಡಗುಂಡಿಗೆ ಬದಲಿಸಿತು. ಅದಕ್ಕೆ ಮುನ್ನ ವಿನ್ಯಾಸದ ಪ್ರಸ್ತಾಪಗಳನ್ನು ಎಲ್ಲರೆದುರು ಇಟ್ಟು ವರ್ಷಗಟ್ಟಲೆ ಚರ್ಚಿಸಿದ್ದರು. 2018ರಲ್ಲಿ ಹಲವು ದೇಶಗಳ ಡೆವಲಪರ್‌ಗಳು ಆಮ್‌ಸ್ಟರ್‌ಡ್ಯಾಮ್‌ಗೆ ಬಂದು ಮೂರು ತಿಂಗಳು ಒಂದೇ ಸೂರಿನಡಿ ಕೆಲಸ ಮಾಡಿದರು. ಹಳಬರನ್ನೂ ಕೈಬಿಡಲಿಲ್ಲ, ಮೊದಲ ಸಲ ತೆರೆದಾಗ ಎಡವೋ ಬಲವೋ ಎಂದು ಕೇಳುವ ಪುಟ್ಟ ಪರದೆಯೊಂದನ್ನು ಇಟ್ಟರು. ಆ ಪರದೆ ನನಗೆ ಬಹಳ ಇಷ್ಟ. ಬಳಸುವವರು ಒಂದೇ ಬಗೆಯವರಲ್ಲ ಎಂಬುದನ್ನು ಒಪ್ಪಿಕೊಂಡ ವಿನ್ಯಾಸ ಅದು.

ಬ್ಲೆಂಡರ್‌ನವರಿಗೆ ಇದು ಸಾಧ್ಯವಾದದ್ದು ಹೇಗೆ? ಹಣವಿತ್ತು ಎನ್ನುವುದು ಅರ್ಧ ಉತ್ತರ, ಗಿಂಪ್‌ನ ಬೆರಳೆಣಿಕೆಯ ಸ್ವಯಂಸೇವಕರಿಗೆ ಅಷ್ಟು ಅನುಕೂಲ ಎಂದೂ ಇರಲಿಲ್ಲ. ಉಳಿದರ್ಧ, 2006ರ ‘ಎಲಿಫೆಂಟ್ಸ್ ಡ್ರೀಮ್’ನಿಂದ ಶುರುವಾಗಿ ಅವರು ತಾವೇ ತೆಗೆಯುತ್ತ ಬಂದ ಕಿರುಚಿತ್ರಗಳು. ಕಲಾವಿದರು ಪಕ್ಕದಲ್ಲೇ ಕೂತು ಗೊಣಗಿದ್ದನ್ನು ಪ್ರೋಗ್ರಾಮರ್ ಕೇಳಿಸಿಕೊಳ್ಳಲೇಬೇಕಿತ್ತು. 2025ರಲ್ಲಿ ಆಸ್ಕರ್ ಪಡೆದ ಅನಿಮೇಷನ್ ಚಿತ್ರ ‘ಫ್ಲೋ’ ಇದೇ ತಂತ್ರಾಂಶದಲ್ಲಿ ತಯಾರಾದದ್ದು.

ಗಿಂಪ್‌ನವರೂ ಈಗ ವಿನ್ಯಾಸದ ಚರ್ಚೆಗೆಂದೇ ಪ್ರತ್ಯೇಕ ಜಾಗ ಮಾಡಿಕೊಂಡಿದ್ದಾರೆ. ಅಲ್ಲಿ ಬರೆಯಲು ಕೋಡ್ ಬರಬೇಕಿಲ್ಲ. ಈ ಗುಂಡಿ ಅಲ್ಲಿಗೆ ಹೋಗಲಿ, ಆ ಮೆನು ಬೇಡ ಎಂದಷ್ಟೇ ಬರೆದರೆ ಅದು ನೂರರಲ್ಲಿ ಒಂದು ಅಭಿಪ್ರಾಯವಾಗಿ ಉಳಿಯುತ್ತದೆ. ಯಾವ ಕೆಲಸಕ್ಕೆಂದು ಕೂತಿರಿ, ಮೊದಲು ಏನು ಒತ್ತಿದಿರಿ, ಏನಾಗುತ್ತದೆಂದು ಎಣಿಸಿದ್ದಿರಿ, ಏನಾಯಿತು ಎಂದು ಕ್ರಮವಾಗಿ ಬರೆದುಕೊಟ್ಟರೆ ವಿನ್ಯಾಸ ಮಾಡುವವರಿಗೆ ಕೆಲಸ ಶುರುಮಾಡಲು ಅಷ್ಟು ಸಾಕು.