ಪರದೇಶಿ ಕಂಡ ಹಂಪೆ

ನವೆಂಬರ್ ಬಂತೆಂದರೆ ಜಯನಗರ, ಬನಶಂಕರಿಗಳ ರಾಜ್ಯೋತ್ಸವದ ವೇದಿಕೆಗಳ ಮೇಲೆ ಮೂವರು ಪರದೇಶಿಗಳನ್ನು ತಂದು ನಿಲ್ಲಿಸುವುದು ನಮ್ಮ ಭಾಷಣಕಾರರ ವಾಡಿಕೆ: ಹೆರಾತಿನ ಅಬ್ದುರ್ ರಜಾಕ್, ಪೋರ್ಚುಗೀಸರಾದ ಪಾಯೆಸ್ ಮತ್ತು ನೂನಿಜ್. ವಿಜಯನಗರದ ಬೀದಿಯಲ್ಲಿ ಮುತ್ತುರತ್ನಗಳನ್ನು ಸೇರಿನಲ್ಲಿ ಅಳೆದು ಮಾರುತ್ತಿದ್ದರೆಂದು ಮೂವರ ಬಾಯಿಂದಲೂ ಹೇಳಿಸಿ, ಚಪ್ಪಾಳೆಯ ನಡುವೆ ಅವರನ್ನು ಬೀಳ್ಕೊಡುತ್ತೇವೆ. ತರಗತಿಯಲ್ಲಿ ನಾನೂ ಹಲವು ವರ್ಷ ಇದನ್ನೇ ಮಾಡಿದವನು. ಈ ಸಲ ವಿದ್ಯಾರ್ಥಿಯೊಬ್ಬ, "ಸಾರ್, ಅದು ಯಾವ ಪುಟದಲ್ಲಿದೆ?" ಎಂದು ಕೇಳಿಬಿಟ್ಟ.

ಹುಡುಕಲು ಕುಳಿತೆ. ಮಾಣಿಕ್ಯ, ಮುತ್ತು, ವಜ್ರಗಳನ್ನು ಪೇಟೆಯಲ್ಲಿ ಬಹಿರಂಗವಾಗಿ ಮಾರುತ್ತಿದ್ದ ಸಂಗತಿಯೇನೋ ರಜಾಕನಲ್ಲಿದೆ. ಸೇರು ಮಾತ್ರ ನಮ್ಮದು!

ಪಾಯೆಸ್, ನೂನಿಜರ ಬರಹಗಳನ್ನು 1897ರಲ್ಲಿ ಡೇವಿಡ್ ಲೋಪೆಸ್ ಅಚ್ಚು ಹಾಕಿಸಿದ. 1900ರಲ್ಲಿ ರಾಬರ್ಟ್ ಸಿವೆಲ್ ಅವನ್ನು ಇಂಗ್ಲಿಷಿಗೆ ತಂದ. ಅಂದಿನಿಂದ ಅವು ನಮಗೆ ಪ್ರಶಂಸಾಪತ್ರಗಳಾಗಿವೆಯೇ ಹೊರತು ಓದುವ ಗ್ರಂಥಗಳಾಗಿಲ್ಲ ಎನ್ನದೆ ವಿಧಿಯಿಲ್ಲ. ಹೊಸ ಊರಿಗೆ ಬಂದವನ ಕೈಯಲ್ಲಿರುವ ಅಳತೆಗೋಲು ಅವನ ಸ್ವಂತ ಊರು ತಾನೆ? 1443ರಲ್ಲಿ ಬಂದ ರಜಾಕ್ ಏಳು ಸುತ್ತಿನ ಕೋಟೆಯನ್ನು ತನ್ನವರಿಗೆ ತಿಳಿಸಲು ಹೆರಾತಿನ ಪೇಟೆಯನ್ನೇ ಹಿಡಿಯುತ್ತಾನೆ. ನಡುವಣ ಕೋಟೆ ಅದರ ಹತ್ತರಷ್ಟು ಎನ್ನುತ್ತಾನೆ. 1520ರ ಆಸುಪಾಸಿನಲ್ಲಿ ಬಂದ ಪಾಯೆಸ್ ಬೆಟ್ಟವೊಂದನ್ನು ಹತ್ತಿ ನೋಡಿದ. ಬೆಟ್ಟಸಾಲುಗಳ ನಡುವೆ ಹರಡಿದ ಪಟ್ಟಣ ಪೂರ್ತಿ ಕಾಣಲಿಲ್ಲ. ಕಂಡಷ್ಟು ಭಾಗವೇ ರೋಮಿನಷ್ಟು ದೊಡ್ಡದೆಂದು ಬರೆದ. ನಾವು ರೋಮನ್ನು ಉಳಿಸಿಕೊಂಡೆವು, ಬೆಟ್ಟವನ್ನು ಬಿಟ್ಟೆವು. ಪೂರ್ತಿ ಕಾಣಲಿಲ್ಲವೆಂದು ಒಪ್ಪಿಕೊಂಡನಲ್ಲ, ಅದರಿಂದಲೇ ನನಗೆ ಅವನ ಮೇಲೆ ವಿಶ್ವಾಸ. ಹಾಗೆಂದು ಎಲ್ಲವನ್ನೂ ನಂಬಬೇಕಿಲ್ಲ. ಅರಸನಿಗೆ ಹತ್ತು ಲಕ್ಷ ಸೈನಿಕರಿದ್ದರೆಂದಾಗ ಅನುಮಾನಿಸುತ್ತೇನೆ. ಪುಟ್ಟ ನಾಣ್ಯವೊಂದಕ್ಕೆ ಪಟ್ಟಣದೊಳಗೆ ಮೂರು ಕೋಳಿ, ಹೊರಗೆ ನಾಲ್ಕು ಎಂದಾಗ ನಂಬುತ್ತೇನೆ. ಜಯನಗರದ ಮಾರುಕಟ್ಟೆಗೆ ಚೀಲ ಹಿಡಿದು ಹೋಗುವವರೂ ನಂಬುತ್ತಾರೆ.

ಇದೇ ಪಾಯೆಸ್ ಕೃಷ್ಣದೇವರಾಯನದು ಮಧ್ಯಮ ನಿಲುವು, ತುಸು ಸ್ಥೂಲವಾದ ಮೈ, ಮುಖದ ಮೇಲೆ ಸಿಡುಬಿನ ಕಲೆ ಎನ್ನುತ್ತಾನೆ. ಯಾವ ಆಸ್ಥಾನಕವಿ ಹೀಗೆ ಬರೆದಾನು? ನಮ್ಮ ಪಠ್ಯಗಳಲ್ಲಿ ಈ ಕಲೆ ಅಳಿಸಿಹೋಗಿದೆ. ಅದಕ್ಕಿಂತ ಕಠಿನವಾದುದೂ ಒಂದಿದೆ. ರಾಯನು ಕಟ್ಟಿಸುತ್ತಿದ್ದ ಕೆರೆಯ ಏರಿಯ ಮೇಲೆ ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳಂತೆ ದುಡಿಯುತ್ತಿದ್ದರು. ಏರಿ ಮತ್ತೆ ಮತ್ತೆ ಒಡೆದಾಗ ಅರವತ್ತು ಮನುಷ್ಯರನ್ನು ಬಲಿ ಕೊಡಲಾಯಿತೆಂದು ಪಾಯೆಸ್ ಬರೆಯುತ್ತಾನೆ. ಚಪ್ಪಾಳೆಯ ಸಭೆಗಳಲ್ಲಿ ಈ ಪುಟವನ್ನು ಯಾರೂ ತೆರೆದದ್ದನ್ನು ನಾನು ಕಾಣೆ. ಒಬ್ಬನ ಹೊಗಳಿಕೆಯನ್ನು ಸಾಕ್ಷಿಯೆಂದು ಹಿಡಿದವರು ಅವನ ಉಳಿದ ಮಾತನ್ನೂ ಕೇಳಿಸಿಕೊಳ್ಳಬೇಡವೆ? ನಂಬದಿದ್ದರೆ ನಂಬುವುದಿಲ್ಲವೆಂದಾದರೂ ವಾದಿಸಲಿ.

1535ರ ಸುಮಾರಿನ ನೂನಿಜ್ ಕುದುರೆಯ ವ್ಯಾಪಾರ ಬಲ್ಲವನು. ಈ ಪಟ್ಟಣದ ಬಲ ಸಮುದ್ರದಾಚೆಯಿಂದ ಬರುತ್ತಿತ್ತೆಂಬುದನ್ನು ಅವನಷ್ಟು ಚೆನ್ನಾಗಿ ಯಾರೂ ಹೇಳಿಲ್ಲ. ಹೊರ್ಮುಜ್, ಏಡನ್‌ಗಳಿಂದ ಬರುವ ಕುದುರೆಗಳನ್ನು ಸಾಳುವ ನರಸಿಂಹ ಸತ್ತಿದ್ದರೂ ಬದುಕಿದ್ದರೂ ಕೊಳ್ಳುತ್ತಿದ್ದನಂತೆ. ಹಡಗಿನಲ್ಲಿ ಸತ್ತ ಕುದುರೆಯ ಬಾಲವನ್ನಷ್ಟೇ ತಂದೊಪ್ಪಿಸಿದರೂ ಪೂರ್ತಿ ಬೆಲೆ! ವರ್ತಕ ಮತ್ತೊಂದು ಸಲ ಹಡಗು ಹತ್ತಲೆಂಬ ಲೆಕ್ಕ ಅದರಲ್ಲಿದ್ದಿರಬೇಕು.

ಇನ್ನು ರಜಾಕ್. ಇಮ್ಮಡಿ ದೇವರಾಯನ ಅರಮನೆಯಿಂದ ಅವನಿಗೆ ದಿನದಿನವೂ ಎರಡು ಕುರಿ, ನಾಲ್ಕು ಜೊತೆ ಕೋಳಿ, ಅಕ್ಕಿ, ಬೆಣ್ಣೆ, ಸಕ್ಕರೆ, ಎರಡು ವರಹ. ಆಮೇಲೆ ಹೊರ್ಮುಜಿನವರು ಇವನು ನಿಜವಾದ ರಾಯಭಾರಿಯೇ ಅಲ್ಲವೆಂದು ಸುದ್ದಿ ಹಬ್ಬಿಸಿದರು, ಪಡಿ ನಿಂತಿತು. ಅನ್ನವಿಟ್ಟ ಊರು ಅನುಮಾನಿಸಿದ್ದನ್ನೂ ಅವನು ಮುಚ್ಚಿಡಲಿಲ್ಲ.

ವಿದ್ಯಾರ್ಥಿಗೆ ಸೇರಿನ ಪುಟ ತೋರಿಸಲಾಗಲಿಲ್ಲ. ಕುದುರೆಬಾಲದ ಪುಟ ತೋರಿಸಿದೆ. ಪುಸ್ತಕ ಇನ್ನೂ ಅವನ ಬಳಿಯೇ ಇದೆ.