ನಕ್ಷತ್ರಿಕನ ನಿರ್ಗಮನ

ಹಾಸ್ಯನಟರನ್ನು ಕುರಿತು ನಮ್ಮಲ್ಲಿ ಬರೆಯುವವರೂ ಭಾಷಣ ಮಾಡುವವರೂ ತಪ್ಪದೆ ಆಡುವ ಮಾತೊಂದುಂಟು: ನಾಡನ್ನೆಲ್ಲ ನಗಿಸಿದ ಈತ ಒಳಗೊಳಗೇ ಅಳುತ್ತಿದ್ದ, ಎಂದು. ನಟನ ಮನೆಯಲ್ಲಿ ಸಾವು ಸಂಭವಿಸಿತ್ತೆಂದು ತಿಳಿದರಂತೂ ಈ ಮಾತಿಗೆ ಇನ್ನಷ್ಟು ಬಲ ಬರುತ್ತದೆ. ನಗುವೆಂಬುದು ಮುಖವಾಡ, ಅಳುವೇ ನಿಜವಾದ ಮುಖ. ಆ ಮುಖವನ್ನು ತಾನು ಕಂಡೆನೆಂಬ ತೃಪ್ತಿಯಲ್ಲಿ ಲೇಖನ ಮುಗಿಯುತ್ತದೆ. ಈ ಮಾತಿನಲ್ಲಿ ಕನಿಕರವಿದೆ, ಸಂದೇಹವಿಲ್ಲ. ಆದರೆ ವಿಮರ್ಶೆಯ ದೃಷ್ಟಿಯಿಂದ ನೋಡಿದರೆ ಇದರಲ್ಲಿ ಒಂದು ಅನ್ಯಾಯವೂ ಅಡಗಿದೆ. ಬೇಂದ್ರೆಯವರು ಮಗುವನ್ನು ಕಳೆದುಕೊಂಡ ಸಂಕಟದಲ್ಲಿ ಕವನ ಬರೆದರೆ ಅದನ್ನು ನಾವು ಕಾವ್ಯಸಿದ್ಧಿ ಎನ್ನುತ್ತೇವೆ. ಹಾಸ್ಯನಟ ಅಂಥದೇ ಸಂಕಟದ ನಡುವೆ ಸಭೆಯನ್ನು ನಗಿಸಿದರೆ ಅದನ್ನು ಮರೆಮಾಚುವಿಕೆ ಎನ್ನುತ್ತೇವೆ. ಒಬ್ಬನು ದುಃಖದಿಂದ ಏನನ್ನೋ ಮಾಡಿದನೆಂದೂ ಇನ್ನೊಬ್ಬನು ದುಃಖವನ್ನು ಅಡಗಿಸಿದನೆಂದೂ ಭಾವಿಸುವುದಕ್ಕೆ ಆಧಾರವೇನು? ಈ ಪ್ರಶ್ನೆಯನ್ನು ಕೊಂಚ ಸಾವಧಾನವಾಗಿ ಪರಿಶೀಲಿಸುವುದು ಒಳ್ಳೆಯದು.

ನಮ್ಮ ಆಲಂಕಾರಿಕರು ಹಾಸ್ಯವನ್ನು ಹಗುರವಾಗಿ ಕಂಡವರಲ್ಲ. ಭರತಮುನಿ ಅದನ್ನು ಎಂಟು ರಸಗಳಲ್ಲಿ ಒಂದಾಗಿ ಎಣಿಸಿ, ಸ್ಮಿತದಿಂದ ಅತಿಹಸಿತದವರೆಗೆ ನಗೆಯ ಆರು ಬಗೆಗಳನ್ನು ಹೇಳಿದ್ದಾನೆ. ನಮ್ಮ ಪ್ರಶ್ನೆಗೆ ಅದಕ್ಕಿಂತಲೂ ಉಪಯುಕ್ತವಾದದ್ದು ಆತ ಮಾಡಿರುವ ಇನ್ನೊಂದು ವಿಂಗಡಣೆ. ತಾನೇ ನಗುವುದು ಆತ್ಮಸ್ಥ. ಇತರರನ್ನು ನಗಿಸುವುದು ಪರಸ್ಥ. ನಟನ ಹಾಸ್ಯ ಈ ಎರಡನೆಯ ಬಗೆಯದು. ಅದು ಹುಟ್ಟಬೇಕಾದ ಜಾಗ ಸಭಿಕರ ಎದೆ. ನಟನ ಎದೆಯಲ್ಲಿ ಆ ಹೊತ್ತಿಗೆ ನಗು ಇತ್ತೆ ಎಂದು ಶಾಸ್ತ್ರ ಕೇಳುವುದಿಲ್ಲ. ಅಡುಗೆಯವನು ಏಕಾದಶಿಯ ಉಪವಾಸದಲ್ಲಿದ್ದೂ ನೂರು ಎಲೆಗೆ ರುಚಿಯಾಗಿ ಬಡಿಸಬಲ್ಲ. ಅವನನ್ನು ಯಾರೂ ಕಪಟಿ ಎನ್ನುವುದಿಲ್ಲ. ಹಾಸ್ಯನಟನಿಗೆ ಮಾತ್ರ ಈ ರಿಯಾಯಿತಿ ಇಲ್ಲವಾಗಿದೆ.

ಇಷ್ಟಾದರೂ ಅದೇ ಶಾಸ್ತ್ರಪರಂಪರೆ ಮುಂದೆ ಹಾಸ್ಯವನ್ನು ಕರುಣದಿಂದ ದೂರವಿಟ್ಟಿತೆಂಬುದನ್ನು ಮರೆಯುವಂತಿಲ್ಲ. ವಿಶ್ವನಾಥನ 'ಸಾಹಿತ್ಯದರ್ಪಣ'ದಲ್ಲಿ ಇವೆರಡೂ ಪರಸ್ಪರ ವಿರೋಧಿಗಳು. ಭವಭೂತಿಯಂತೂ 'ಉತ್ತರರಾಮಚರಿತ'ದಲ್ಲಿ ವಿದೂಷಕನಿಗೆ ಪ್ರವೇಶವನ್ನೇ ಕೊಡಲಿಲ್ಲ. ಅಂಥ ಶೋಕದ ಬಳಿ ನಗಿಸುವವನು ಸುಳಿಯಬಾರದೆಂಬ ಔಚಿತ್ಯಪ್ರಜ್ಞೆ ಅದು. ಹಾಸ್ಯನಟನ ಮನೆಗೆ ಸಾವು ಬಂದಾಗ ನಮಗಾಗುವ ತಬ್ಬಿಬ್ಬಿಗೂ ಇದೇ ಮೂಲವಿರಬೇಕು. ಸೇರಬಾರದವು ಸೇರಿವೆ; ಒಂದು ನಿಜವಾದರೆ ಇನ್ನೊಂದು ಸುಳ್ಳಾಗಲೇಬೇಕೆಂದು ನಮಗೆ ತೋರುತ್ತದೆ.

ನಮ್ಮ ರಂಗಭೂಮಿ ಈ ನಿಯಮಕ್ಕೆ ಅಷ್ಟಾಗಿ ತಲೆಬಾಗಲಿಲ್ಲ. ಅದಕ್ಕೆ ಹರಿಶ್ಚಂದ್ರನ ಕಥೆಗಿಂತ ಉತ್ತಮವಾದ ನಿದರ್ಶನ ಸಿಕ್ಕದು. ರಾಘವಾಂಕನ ಕಾವ್ಯದಲ್ಲಿ ನಕ್ಷತ್ರಕನು ಮುಖ್ಯವಾಗಿ ಪೀಡಕ. ವಿಶ್ವಾಮಿತ್ರನ ಸಾಲವನ್ನು ವಸೂಲು ಮಾಡಲೆಂದು ಹರಿಶ್ಚಂದ್ರನ ಬೆನ್ನು ಬಿದ್ದವನು. ರಂಗದ ಮೇಲೆ ಬಂದು ನಕ್ಷತ್ರಿಕನಾದಾಗ ಅವನು ಜನರನ್ನು ನಗಿಸತೊಡಗಿದ. 1965ರ 'ಸತ್ಯಹರಿಶ್ಚಂದ್ರ' ಚಿತ್ರದಲ್ಲಿ ರಾಜಕುಮಾರರ ಹರಿಶ್ಚಂದ್ರನ ಎದುರಿಗೆ ನರಸಿಂಹರಾಜು ಅವರು ಮಾಡಿದ ನಕ್ಷತ್ರಿಕನನ್ನು ಕಂಡವರು ಮರೆತಿರಲಾರರು. ತಿಪಟೂರಿನಲ್ಲಿ 1923ರಲ್ಲಿ ಹುಟ್ಟಿ, ನಾಟಕ ಕಂಪನಿಗಳಲ್ಲಿ ಪಳಗಿ, 1954ರ 'ಬೇಡರ ಕಣ್ಣಪ್ಪ'ದಿಂದ ಚಿತ್ರರಂಗಕ್ಕೆ ಬಂದ ಈ ನಟ ಆ ಪಾತ್ರದಲ್ಲಿ ಕಾಟವನ್ನೂ ಚೇಷ್ಟೆಯನ್ನೂ ಬೇರ್ಪಡಿಸಲಾಗದಂತೆ ಹೆಣೆದಿದ್ದಾರೆ. ರಾಜ್ಯ ಕಳೆದುಕೊಂಡ ದಂಪತಿಗಳ ದುಃಖಕ್ಕೆ ಮರುಗುತ್ತಲೇ ನಾವು ಅವರ ಪೀಡಕನಿಗೆ ನಗುತ್ತೇವೆ. ನಕ್ಕುದಕ್ಕೆ ಒಳಗೇ ನಾಚುತ್ತೇವೆ. ಆ ನಾಚಿಕೆಯಿಂದ ಮರುಕ ಮತ್ತಷ್ಟು ಹರಿತವಾಗುತ್ತದೆ. ವಿರೋಧಿ ರಸಗಳೆಂದು ಶಾಸ್ತ್ರ ಕರೆದವು ಇಲ್ಲಿ ಒಂದರ ಕೆಲಸವನ್ನು ಇನ್ನೊಂದು ಮಾಡಿಕೊಡುತ್ತವೆ.

ಆದರೆ ಒಂದು ಸಂಗತಿಯನ್ನು ಗಮನಿಸಬೇಕು. ಹೆಂಡತಿ ಮಕ್ಕಳನ್ನು ಮಾರಿ, ಕೊನೆಗೆ ತನ್ನನ್ನೂ ಮಾರಿಕೊಂಡು ಹರಿಶ್ಚಂದ್ರ ಸಾಲ ತೀರಿಸುತ್ತಾನಷ್ಟೆ. ಹಣ ಕೈಸೇರಿದೊಡನೆ ನಕ್ಷತ್ರಿಕನ ಕೆಲಸ ಮುಗಿಯಿತು, ಅವನು ಹೊರಟುಹೋಗುತ್ತಾನೆ. ಲೋಹಿತಾಶ್ವನಿಗೆ ಹಾವು ಕಚ್ಚುವುದು, ಚಂದ್ರಮತಿ ಮಗನ ಹೆಣ ಹೊತ್ತು ಸ್ಮಶಾನಕ್ಕೆ ಬರುವುದು ಇವೆಲ್ಲ ಆಮೇಲಿನ ಮಾತು. ಅಷ್ಟು ಧೈರ್ಯ ಮಾಡಿದ ಕಥೆಯೂ ಸ್ಮಶಾನದ ಬಾಗಿಲಲ್ಲಿ ನಗಿಸುವವನಿಗೆ ರಜೆ ಕೊಟ್ಟಿದೆ. ನಾಟಕದ ನಕ್ಷತ್ರಿಕನಿಗೆ ಈ ಸೌಕರ್ಯ ಉಂಟು. ಆ ವೇಷ ತೊಡುವ ಮನುಷ್ಯನಿಗೆ ಇಲ್ಲ. ಅವನು ಸ್ಮಶಾನಕ್ಕೂ ಹೋಗಬೇಕು, ಅಲ್ಲಿಂದ ಬಂದು ಬಣ್ಣವನ್ನೂ ಹಚ್ಚಬೇಕು.

ಪೇಟೆಯ ವಾಚಕರಿಗೆ ಇದು ವಿಪರೀತವೆಂದು ತೋರಬಹುದು. ನಮ್ಮ ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ಹಳ್ಳಿಗಳಲ್ಲಿ ಹಾಗೆ ತೋರುವುದಿಲ್ಲ. ಸತ್ತವರ ಮನೆಯ ಮುಂದೆ ತಮಟೆ ಬಡಿದು, ಇರುಳೆಲ್ಲ ಭಜನೆ ಮಾಡಿ ಕಳಿಸಿಕೊಡುವ ಜನ ಇವರು. ಗೌರಸಮುದ್ರದ ಮಾರಮ್ಮನ ಜಾತ್ರೆಗೆ ಆಂಧ್ರದ ಕಡೆಯಿಂದಲೂ ಜನ ಸೇರುತ್ತಾರೆ. ಕನ್ನಡ ತೆಲುಗುಗಳೆರಡೂ ಒಂದೇ ಅಂಗಳದಲ್ಲಿ ಕೇಳುವ ಊರು ಅದು. ಹರಕೆ ಹೊತ್ತು ಅಲ್ಲಿಗೆ ಬರುವವರಲ್ಲಿ ಮಗುವಿನ ಕಾಯಿಲೆಗೆ ಬೇಡಿಕೊಂಡವರಿದ್ದಾರೆ, ಮಳೆ ಕೈಕೊಟ್ಟು ಶೇಂಗಾ ಒಣಗಿದವರಿದ್ದಾರೆ. ದೇವಿಯ ಮುಂದೆ ಕಣ್ಣೀರಿಟ್ಟವರೇ ಜಾತ್ರೆಯ ಬೀದಿಯಲ್ಲಿ ನಗುವುದನ್ನೂ ಕಾಣಬಹುದು. ಮೂಡಲಪಾಯದ ಬಯಲಾಟದಲ್ಲಿ ಕೋಡಂಗಿಯ ಕುಣಿತಕ್ಕೆ ನಕ್ಕವರೇ ಬೆಳಗಿನ ಜಾವ ಪಾತ್ರಧಾರಿಯ ಶೋಕಕ್ಕೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಇವರಲ್ಲಿ ಯಾವುದು ಮುಖ, ಯಾವುದು ಮುಖವಾಡ ಎಂದು ಕೇಳುವುದು ಅರ್ಥವಿಲ್ಲದ ಪ್ರಶ್ನೆ. ಎರಡೂ ಅವರವೇ. ನಗಿಸುವ ನಟನೂ ಇದೇ ಜನದಿಂದ ಬಂದವನು.

ಕನ್ನಡದಲ್ಲಿ ಈ ವಿಷಯಕ್ಕೆ ಅತ್ಯಂತ ಸಮೀಪವಾದ ಬಾಳೆಂದರೆ ಮಾಸ್ಟರ್ ಹಿರಣ್ಣಯ್ಯನವರದು. 1934ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಅವರ ನಿಜನಾಮ ನರಸಿಂಹಮೂರ್ತಿ. ತಂದೆ ಕೆ. ಹಿರಣ್ಣಯ್ಯನವರು ನಟರು, ನಾಟಕಕಾರರು, ಮಿತ್ರಮಂಡಳಿಯ ಸ್ಥಾಪಕರು, 1943ರ 'ವಾಣಿ' ಚಿತ್ರದ ನಿರ್ದೇಶಕರು. 1953ರಲ್ಲಿ ಅವರು ಮಡಿಕೇರಿಯಲ್ಲಿ ತೀರಿಕೊಂಡಾಗ ಮಗನಿಗೆ ವಯಸ್ಸು ಹತ್ತೊಂಬತ್ತು. ಒಂದೇ ದಿನದಲ್ಲಿ ತಂದೆಯೂ ಗುರುವೂ ಯಜಮಾನನೂ ಇಲ್ಲವಾದರು.

ಕಂಪನಿ ನಾಟಕದ ಬದುಕನ್ನು ಬಲ್ಲವರಿಗೆ ಇದರ ಅರ್ಥ ತಿಳಿದೀತು. ಕಂಪನಿ ಎಂದರೆ ಕೇವಲ ಒಬ್ಬ ನಟನ ಕೀರ್ತಿಯಲ್ಲ. ಪರದೆ ಎಳೆಯುವವನಿಂದ ಹಾರ್ಮೋನಿಯಂ ನುಡಿಸುವವನವರೆಗೆ ಹಲವು ಸಂಸಾರಗಳ ಅನ್ನ. ಅಂದಂದಿನ ಟಿಕೆಟ್ಟಿನ ಹಣದಲ್ಲಿ ಅಂದಂದಿನ ಒಲೆ ಉರಿಯಬೇಕು. ಆಟ ನಿಂತರೂ ಬಾಡಿಗೆ ನಿಲ್ಲುವುದಿಲ್ಲ. ಸೂತಕವೆಂದು ತೆರೆಯನ್ನು ಬಹುಕಾಲ ಮುಚ್ಚಿಡುವ ಅನುಕೂಲ ಆ ವೃತ್ತಿಯಲ್ಲಿ ಇರಲಿಲ್ಲ. ಆದ್ದರಿಂದ ದುಃಖದಲ್ಲೂ ರಂಗಕ್ಕೆ ಬಂದವರನ್ನು ವೀರರೆಂದು ಹೊಗಳುವ ಮೊದಲು, ಅವರಿಗೆ ಬೇರೆ ದಾರಿ ಎಷ್ಟಿತ್ತೆಂದು ಯೋಚಿಸಬೇಕು. ಹೊಗಳಿಕೆಯ ಭರದಲ್ಲಿ ಆ ಬಡತನವನ್ನು ಕಾಣದಿರುವುದೂ ಒಂದು ಬಗೆಯ ಕುರುಡು.

ಇದು ವೃತ್ತಿಯ ಮಾತಾಯಿತು. ಕಲೆಯ ಮಾತು ಇನ್ನೂ ಸೂಕ್ಷ್ಮವಾದದ್ದು. ಕವಿ ಸತ್ತರೆ ಕಾವ್ಯ ಉಳಿಯುತ್ತದೆ. ಹಾಸ್ಯನಟ ಸತ್ತರೆ ಉಳಿಯುವುದೇನು? ಕೆ. ಹಿರಣ್ಣಯ್ಯನವರ 'ದೇವದಾಸಿ', 'ಮಕ್ಮಲ್ ಟೋಪಿ' ನಾಟಕಗಳ ಮಾತುಗಳು ಉಳಿದವು, ನಿಜ. ಆದರೆ ಯಾವ ಮಾತಿನ ಮುಂದೆ ಎಷ್ಟು ಹೊತ್ತು ಸುಮ್ಮನಿರಬೇಕು, ಸಭೆಯ ನಗು ಏರಿ ಇಳಿಯುವುದರೊಳಗೆ ಮುಂದಿನ ಮಾತನ್ನು ಎಲ್ಲಿ ಎತ್ತಬೇಕು, ಹುಬ್ಬಿನ ಯಾವ ಚಲನೆಗೆ ಹಿಂದಿನ ಸಾಲಿನವನೂ ನಗುತ್ತಾನೆ ಎಂಬುದು ಯಾವ ಹಸ್ತಪ್ರತಿಯಲ್ಲೂ ಇರುವುದಿಲ್ಲ. ಹಾಸ್ಯದ ಜೀವವಿರುವುದೋ ಅಲ್ಲಿಯೇ. ತಂದೆಯ ಮೈಯಲ್ಲಿದ್ದ ಆ ಗ್ರಂಥ ಚಿತೆಯೊಡನೆ ಬೂದಿಯಾಗುತ್ತದೆ. ನೋಡಿ ನೋಡಿ ಕಲಿತ ಮಗನ ಮೈಯಲ್ಲಿ ಎಷ್ಟು ಇಳಿದಿದೆಯೋ ಅಷ್ಟೇ ಉಳಿಯುವುದು. ಹೀಗಿರುವಲ್ಲಿ ತಂದೆಯ ನಾಟಕವನ್ನು ಮಗ ಮತ್ತೆ ಆಡುವುದನ್ನು ದುಃಖವನ್ನು ಮುಚ್ಚಿಡುವುದೆಂದು ಹೇಳಬಹುದೆ? ಸತ್ತವರನ್ನು ನೆನೆಯುವುದಕ್ಕೆ ಆ ಮನೆತನಕ್ಕೆ ಗೊತ್ತಿದ್ದ ವಿಧಿಯೇ ಅದು. ಮಗನನ್ನು ನಾಡು ಕೊನೆಯವರೆಗೂ ಕರೆದದ್ದು ತಂದೆಯ ಹೆಸರಿನಿಂದ. ಜಾಹೀರಾತಿನ ಹಲಗೆಯ ಮೇಲೆ ಪ್ರತಿ ಸಂಜೆ ಬರೆಸಿಕೊಂಡದ್ದೂ ಅದೇ ಹೆಸರು.

ಅವರು ತಂದೆಯ ನೆರಳಾಗಿ ಉಳಿಯಲಿಲ್ಲವೆಂಬುದನ್ನೂ ಹೇಳಬೇಕು. 'ಲಂಚಾವತಾರ' ಸಾವಿರಾರು ಪ್ರಯೋಗಗಳನ್ನು ಕಂಡಿತು. ಅಂದಿನ ಪತ್ರಿಕೆಯ ಸುದ್ದಿ, ಆ ಊರಿನ ಕಚೇರಿಯ ಸಂಗತಿ, ಎದುರಿಗೆ ಕುಳಿತ ಅಧಿಕಾರಿಯ ಮುಖ ಎಲ್ಲವೂ ಅಂದಿನ ಆಟದಲ್ಲಿ ಮಾತಾಗುತ್ತಿದ್ದವು. ದೋಷಗಳು ಇರಲಿಲ್ಲವೆಂದಲ್ಲ. ಎಷ್ಟೋ ವೇಳೆ ಕಥೆಯ ಎಳೆ ಸಡಿಲವಾಗುತ್ತಿತ್ತು, ಒಬ್ಬರ ಮಾತಿನ ಪ್ರವಾಹದಲ್ಲಿ ಉಳಿದ ಪಾತ್ರಗಳು ಮಂಕಾಗುತ್ತಿದ್ದವು, ನಾಟಕ ಭಾಷಣವಾಗುತ್ತಿತ್ತು. ಈ ದೋಷಗಳನ್ನು ಹೇಳುವುದು ಅವರಿಗೆ ಅಗೌರವವಲ್ಲ. ಅವರ ನಗೆಯನ್ನು ಕಲೆಯೆಂದು ಒಪ್ಪಿದವನು ಮಾತ್ರ ಅದರ ಕುಂದನ್ನು ಎಣಿಸಬಲ್ಲ. ಪಾಪ, ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡವರು ಎಂದು ಕನಿಕರಿಸುವವನಿಗೆ ಆ ಹಕ್ಕೂ ಇಲ್ಲ, ಆ ಆಸಕ್ತಿಯೂ ಇರುವುದಿಲ್ಲ.

ಹೊರಗಿನ ಒಂದು ಉದಾಹರಣೆಯನ್ನು ನೋಡಬಹುದು. ಚಾರ್ಲಿ ಚಾಪ್ಲಿನ್ನನ ಮೊದಲ ಮಗು 1919ರ ಜುಲೈನಲ್ಲಿ ಹುಟ್ಟಿ ಮೂರೇ ದಿನಕ್ಕೆ ತೀರಿಕೊಂಡಿತು. 1921ರಲ್ಲಿ ಅವನ 'ದಿ ಕಿಡ್' ಚಿತ್ರ ತೆರೆಕಂಡಿತು. ಇವೆರಡನ್ನು ಜೋಡಿಸಿ ಬರೆದವರು ಬಹಳ. ಜೋಡಿಸುವುದು ತಪ್ಪೇನಲ್ಲ, ಆದರೆ ಚಿತ್ರದಲ್ಲಿರುವುದು ಏನೆಂದು ನೋಡಬೇಡವೆ? ಅಲ್ಲಿ ಮಗು ಸಾಯುವುದಿಲ್ಲ. ಬೀದಿಯಲ್ಲಿ ಸಿಕ್ಕ ಕೂಸಿಗೆ ಅಲೆಮಾರಿಯೊಬ್ಬ ಕಾಫಿಯ ಕೂಜೆಯನ್ನು ನೇತುಹಾಕಿ ಹಾಲು ಕುಡಿಸುತ್ತಾನೆ. ಹುಡುಗ ಬೆಳೆದು ಕಿಟಕಿಯ ಗಾಜು ಒಡೆಯುತ್ತಾನೆ, ಗಾಜು ಕೂರಿಸುವ ಕಸುಬಿನವನಾಗಿ ಅಲೆಮಾರಿ ಹಿಂದೆಯೇ ಬರುತ್ತಾನೆ. ಉಣಿಸುವುದು, ತೊಳೆಯುವುದು, ಮಲಗಿಸುವುದು ಇವೇ ಆ ಚಿತ್ರದ ನಗೆಯ ಸಾಮಗ್ರಿ. ಸತ್ತ ಮಗುವಿಗೆ ಸಲ್ಲದೇ ಹೋದ ಆರೈಕೆಯೆಲ್ಲ ಆ ನಗೆಯಲ್ಲಿ ಸಂದಿದೆಯೆಂದು ನನಗೆ ತೋರುತ್ತದೆ. ಅದನ್ನು ಕಾಣಬೇಕಾದರೆ ನಗೆಯ ಸನ್ನಿವೇಶಗಳನ್ನೇ ಕಣ್ಣಿಟ್ಟು ನೋಡಬೇಕು. ಅವುಗಳ ಹಿಂದೆ ಅಳುವನ್ನು ಹುಡುಕುತ್ತ ಹೋದವನಿಗೆ ಅದು ಕಾಣುವುದಿಲ್ಲ.

ಈಚಿನ ಸಂಗತಿಗೆ ಬಂದರೆ ದ್ವಾರಕೀಶ್ ಅವರ ನೆನಪಾಗುತ್ತದೆ. ಅವರ ಪತ್ನಿ ತೀರಿಕೊಂಡದ್ದು 2021ರ ಏಪ್ರಿಲ್ 16ರಂದು. ಮೂರು ವರ್ಷಗಳ ಬಳಿಕ, 2024ರ ಅದೇ ಏಪ್ರಿಲ್ 16ರಂದು ಅವರೂ ತೀರಿಕೊಂಡರು. ಈ ಕಾಕತಾಳೀಯ ಎಂಥವರ ಮನಸ್ಸನ್ನೂ ತಟ್ಟುವಂಥದು. ಅದನ್ನು ಬರೆದವರಲ್ಲಿ ತಪ್ಪಿಲ್ಲ. ಆದರೆ ಹಾಸ್ಯನಟನ ಬಾಳು ಆ ಒಂದು ದಿನಾಂಕದಲ್ಲಿ ಮುಗಿದುಹೋಗಬಾರದು. 'ಮೇಯರ್ ಮುತ್ತಣ್ಣ'ನ (1969) ನಿರ್ಮಾಪಕನಾಗಿ ಗೆದ್ದು, ಮುಂದೆ ಸಾಲಸೋಲಗಳಲ್ಲಿ ಮುಳುಗಿ, 'ಆಪ್ತಮಿತ್ರ'ದಲ್ಲಿ (2004) ಮತ್ತೆ ಎದ್ದವರು ಅವರು. ತಮ್ಮ ಗಿಡ್ಡ ಮೈಯನ್ನು ಇತರರು ಹಾಸ್ಯಕ್ಕೆ ಬಳಸುವ ಮೊದಲೇ ಅದನ್ನು ತಮ್ಮ ಬಂಡವಾಳ ಮಾಡಿಕೊಂಡು, 1978ರ ಸಿಂಗಾಪುರದ ಚಿತ್ರದ ಹೆಸರಿನಲ್ಲಿ 'ರಾಜಾ ಕುಳ್ಳ'ನೆಂದು ತಾವೇ ಪಟ್ಟ ಕಟ್ಟಿಕೊಂಡರು. ಆ ಮೈ ವಿಷ್ಣುವರ್ಧನರ ಎತ್ತರದ ಪಕ್ಕದಲ್ಲಿ ನಿಂತಾಗ, ಮಾತು ಹೊರಡುವ ಮೊದಲೇ ನಗು ಹೇಗೆ ಹುಟ್ಟುತ್ತಿತ್ತೆಂಬುದನ್ನು ಯಾರಾದರೂ ವಿವರವಾಗಿ ಬರೆಯಬೇಕು. ಅದು ಅವರಿಗೆ ಸಲ್ಲಬೇಕಾದ ಬಾಕಿ.

ಬಾಕಿ ಎಂದೆ. ನಕ್ಷತ್ರಿಕನ ಕಥೆ ಕೊನೆಗೂ ಸಾಲದ ಕಥೆಯೇ ತಾನೆ. ನಾಟಕದಲ್ಲಿ ಅವನು ಬೆನ್ನುಬಿದ್ದು ವಸೂಲು ಮಾಡುತ್ತಾನೆ; ಲೋಕದಲ್ಲಿ ನಾವು ಅವನಿಗೆ ಸಾಲಗಾರರು, ಅವನು ಕೇಳುವುದಿಲ್ಲ. ಮಳೆಯಿಲ್ಲದ ವರ್ಷ, ಮನೆಯಲ್ಲಿ ಕಾಯಿಲೆ, ಆಫೀಸಿನ ಕಿರುಕುಳ ಇವನ್ನೆಲ್ಲ ಹೊತ್ತು ಬಂದು ಕುಳಿತವರಿಗೆ ಮೂರು ಗಂಟೆ ಹಗುರ ಕೊಟ್ಟವನು ಅವನು. ಅವನ ಮನೆಯ ಸಾವಿಗೆ ನಾವು ಮರುಗುವುದು ಮನುಷ್ಯಸಹಜ, ಮರುಗೋಣ. ಆದರೆ ಮರುಕವನ್ನು ಬೆಲೆಯೆಂದು ಕೊಟ್ಟು ಲೆಕ್ಕ ಚುಕ್ತಾ ಮಾಡಿಕೊಳ್ಳುವುದು ಬೇಡ. ಆತ ಎಲ್ಲಿ ನಗಿಸಿದ, ಹೇಗೆ ನಗಿಸಿದ, ಎಲ್ಲಿ ಸೋತ ಎಂಬುದನ್ನು ಗಮಕಿಯ ರಾಗವನ್ನೋ ಕವಿಯ ಛಂದಸ್ಸನ್ನೋ ಪರಿಶೀಲಿಸುವಷ್ಟೇ ಶ್ರದ್ಧೆಯಿಂದ ಪರಿಶೀಲಿಸಿ ಬರೆದಿಟ್ಟರೆ, ಮೈಯೊಡನೆ ಸುಟ್ಟುಹೋಗುವ ಆ ಗ್ರಂಥದ ನಾಲ್ಕು ಪುಟಗಳಾದರೂ ಮುಂದಿನವರಿಗೆ ಉಳಿದಾವು.