ಒಂಟಿತನ ಯಾರದು?

ತಿತಿಮತಿಯ ಕಾಡನ್ನು ದಾಟಿ ಕೊಡಗನ್ನು ಪ್ರವೇಶಿಸುವವರಿಗೆ ಕಾಫಿ ತೋಟಗಳ ನಡುವೆ ದೂರದೂರ ನಿಂತ ಮನೆಗಳು ಕಾಣುತ್ತವೆ. ಅದೇ ಜಿಲ್ಲೆಯ ಇನ್ನೊಂದು ಭಾಗದಲ್ಲಿ, ಸುಂಟಿಕೊಪ್ಪದ ಬಳಿಯ ಗುಂಡುಕುಟ್ಟಿ ತೋಟದಲ್ಲಿ, ಕಥೆಗಾರ್ತಿ ಕೊಡಗಿನ ಗೌರಮ್ಮ (1912–1939) ಬಾಳಿದ್ದರು. ತೋಟದ ಒಂಟಿತನವೇ ಅವರಿಂದ ಕಥೆ ಬರೆಸಿತೆಂದು ಹೇಳಿಬಿಡುವುದು ಸುಲಭ. ಆ ಮಾತು ಅವರ ಬಾಳಿಗೂ ಒಪ್ಪುವುದಿಲ್ಲ, ಬರಹಕ್ಕೂ ಒಪ್ಪುವುದಿಲ್ಲ. ಅವರು ಟೆನಿಸ್ ಆಡಿದವರು, ಈಜು ಬಲ್ಲವರು. 1934ರಲ್ಲಿ ಕೊಡಗಿಗೆ ಬಂದ ಗಾಂಧೀಜಿಯವರು ತಮ್ಮ ಮನೆಗೂ ಬರಬೇಕೆಂದು ಉಪವಾಸ ಕುಳಿತು, ಒಡವೆಗಳನ್ನು ಹರಿಜನ ನಿಧಿಗೆ ಒಪ್ಪಿಸಿದವರು. ಬೇಂದ್ರೆಯವರಿಗೆ ಅವರು ತಂಗಿ.

ಒಂಟಿಯಾದವರು ಅವರ ಕಥೆಗಳ ಹೆಣ್ಣುಮಕ್ಕಳು. 'ಅಪರಾಧಿ ಯಾರು?' ಕಥೆಯ ವಿಧವೆ ಕಾಡಿನಲ್ಲಿ ಒಂಟಿಯಲ್ಲ, ಜನರ ನಡುವೆ ಒಂಟಿ. ಆ ಒಂಟಿತನವನ್ನು ಅವಳ ಮೇಲೆ ಹೊರಿಸಿದವರಿದ್ದಾರೆ. ಶೀರ್ಷಿಕೆಯ ಪ್ರಶ್ನೆ ಅವರತ್ತಲೇ ತಿರುಗಿದೆ. ಏಕತ್ವಾನುಪ್ರೇಕ್ಷೆಯನ್ನು ಚಿಂತಿಸುವ ವಾಚಕರು ಇಲ್ಲಿ ಎಚ್ಚರದಿಂದ ಓದಬೇಕು. ಜೀವವು ತಾನೇ ಅರಿತು ಒಪ್ಪುವ ಏಕತ್ವ ಬೇರೆ, ಸಮಾಜ ದಂಡನೆಯಾಗಿ ವಿಧಿಸುವ ಒಂಟಿತನ ಬೇರೆ. ಎರಡನೆಯದಕ್ಕೆ ಮೊದಲನೆಯದರ ಹೆಸರಿಟ್ಟು ವಿಧವೆಯರನ್ನು ಸಮಾಧಾನಪಡಿಸಿದ್ದುಂಟು.

ಕಥೆಗಳೆಲ್ಲ ಸಮನಾಗಿ ಗೆದ್ದಿಲ್ಲ. ಕೆಲವೆಡೆ ಸಾವೋ ಆಕಸ್ಮಿಕವೋ ಬೇಗನೆ ಬಂದು ಗಂಟನ್ನು ಬಿಡಿಸಿಬಿಡುತ್ತದೆ. ಇಪ್ಪತ್ತೇಳನೆಯ ವಯಸ್ಸಿಗೇ ನೀರಿನಲ್ಲಿ ಮುಳುಗಿ ಅಗಲಿದ ಲೇಖಕಿಯಲ್ಲಿ ಇದನ್ನು ದೊಡ್ಡ ದೋಷವೆನ್ನಲಾಗದು. ಪಾತ್ರವೊಂದು ಪತ್ರ ಬರೆಯಲು ಕುಳಿತಾಗ ಮಾತ್ರ ಅವರ ಬರಹ ತಪ್ಪುವುದು ಅಪರೂಪ: ಮನೆಯಲ್ಲಿ ಆಡಲಾರದ ಮಾತು ಅಲ್ಲಿ ಹೊರಬರುತ್ತದೆ, ಓದುವವರೊಬ್ಬರು ಇದ್ದಾರೆಂಬ ನಂಬಿಕೆಯ ಮೇಲೆ. 'ಕಂಬನಿ' ಪುಸ್ತಕವಾಗಿ ಬಂದದ್ದು ಗೌರಮ್ಮನವರು ತೀರಿಕೊಂಡ ಮೇಲೆ. ಅವರ ಕಥೆಗಳು ಕೊಡಗಿನವರೇ ಆದ ದೀಪಾ ಭಾಸ್ತಿಯವರಿಂದ ಇಂಗ್ಲಿಷಿನಲ್ಲಿ ಸಂಕಲನವಾದದ್ದು 2023ರಲ್ಲಿ.